ಮಾಂಸಕ್ಕೆ ಜ್ವರ

ನನ್ನ ಅಂಗಡಿಯ ಬೋರ್ಡಿನಲ್ಲಿ ಹೆಸರಿಲ್ಲ. ಒಂದು ತೋರುಬೆರಳಿನ ಚಿತ್ರವಿದೆ, ಅಷ್ಟೇ. ಬೋರ್ಡು ಬರೆಯುವವನು ಉತ್ಸಾಹ ಹೆಚ್ಚಾಗಿ ಉಗುರಿಗೆ ಕೆಂಪು ಬಣ್ಣ ಬಳಿದುಬಿಟ್ಟ. ಅಳಿಸು ಅಂದರೆ, ಒಣಗಿಹೋಗಿದೆ ಅಂದ. ಹಾಗಾಗಿ ಇಪ್ಪತ್ತೆರಡು ವರ್ಷಗಳಿಂದ ಒಬ್ಬ ಗಂಡಸಿನ ಸುಟ್ಟ ಮಾಂಸದ ಅಂಗಡಿಯ ಮೇಲೆ ಬಣ್ಣ ಹಚ್ಚಿದ ಹೆಂಗಸಿನ ಬೆರಳು ನಿಂತಿದೆ.

ಆ ಬೆರಳು ನನ್ನದು. ಕೆಂಡದ ಮೇಲಿನ ಕೋಳಿಯಾಗಲಿ, ಹೊಗೆ ಡ್ರಮ್ಮಿನೊಳಗೆ ಐದಾರು ಗಂಟೆ ಕೂತ ಕುರಿಯ ತೊಡೆಯಾಗಲಿ, ಒಂದು ಸಲ ಒತ್ತಿದರೆ ಸಾಕು, ಒಳಗೆಷ್ಟು ಬೆಂದಿದೆ ಅಂತ ಹೇಳಿಬಿಡುತ್ತಿದ್ದೆ. ಜನ ಬೆರಳಣ್ಣ ಅಂತ ಹೆಸರಿಟ್ಟರು. ನಾನೂ ಉಬ್ಬಿಹೋದೆ. ಮದುವೆ ಮನೆಯಲ್ಲಿ ಕೈಕುಲುಕುವಾಗ ಕೂಡ ಆ ಬೆರಳಿಗೆ ನೋವಾಗದ ಹಾಗೆ ಕೊಡುತ್ತಿದ್ದೆ, ಅಷ್ಟು ಜಂಬ.

ಆ ಬೆರಳು ಸತ್ತು ಎರಡು ವರ್ಷವಾಯಿತು. ಸತ್ತದ್ದು ಅಂದರೆ, ಇದೆ. ಮೂಗು ಕೆರೆಯಲು, ಬೈಯುವಾಗ ಆಡಿಸಲು ಬೇಕಾದಷ್ಟು ಇದೆ. ಮುಟ್ಟಿದ್ದು ಬಿಸಿಯೋ ತಣ್ಣಗೋ, ಮೆತ್ತಗೋ ಗಟ್ಟಿಯೋ ಅನ್ನುವುದು ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ನರಗಳನ್ನು ತಿಂದಿದೆ, ಅದರ ಮೇಲೆ ಇಷ್ಟು ವರ್ಷದ ಸುಟ್ಟಗಾಯಗಳು ಬೇರೆ ಅಂದರು ಡಾಕ್ಟರು. ಮನೆಗೆ ಬಂದು ಹೆಂಡತಿಗೆ, "ಸಿಹಿ ಕಮ್ಮಿ ಮಾಡಬೇಕಂತೆ" ಅಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಬೋರ್ಡಿನ ಮೇಲಿನ ಬೆರಳು ಸತ್ತಿದೆ ಅಂತ ಗೊತ್ತಾದ ಮೇಲೆ ಆ ಅಂಗಡಿಗೆ ಯಾರು ಬರುತ್ತಾರೆ?

ಗಡಿಯಾರ, ಅಭ್ಯಾಸ ಮತ್ತು ಅದೃಷ್ಟ, ಈ ಮೂರನ್ನು ನಂಬಿಕೊಂಡು ಎರಡು ವರ್ಷ ತಳ್ಳಿದೆ. ಆಮೇಲೊಂದು ದಿನ ಎದುರು ಸಾಲಿನ ಟೈಲರಮ್ಮ ಬಂದರು. ಆಕೆಗೆ ಏಳು ತಿಂಗಳು. ಕೋಳಿಯ ಕಾಲು ಕೊಟ್ಟೆ. ಆಕೆ ಮುರಿದು ನೋಡಿ, ತಟ್ಟೆಯನ್ನು ನನ್ನ ಕಡೆಗೆ ತಿರುಗಿಸಿದರು. ಮೂಳೆಯ ಹತ್ತಿರ ಮಾಂಸ ಹಸಿ ಹಸಿ.

"ಏನಣ್ಣಾ, ಇವತ್ತು ನಿಮ್ಮ ಬೆರಳು ರಜಾ ಹಾಕಿದ್ಯಾ?" ಅಂತ ನಕ್ಕರು.

ನಾನೂ ನಕ್ಕೆ. ಒಳಗೆ ಹೋಗಿ ಹಿಟ್ಟಿನ ಮೂಟೆಯ ಮೇಲೆ ಕೂತೆ. ಆಕೆ ನೋಡದೆ ತಿಂದಿದ್ದರೆ? ನನ್ನ ಒಣ ಜಂಬಕ್ಕೆ ಒಂದು ಬಸುರಿ ಹೆಂಗಸು ಆಸ್ಪತ್ರೆ ಸೇರಬೇಕಿತ್ತಾ? ಅವತ್ತೇ ತೀರ್ಮಾನ ಮಾಡಿದೆ: ಥರ್ಮಾಮೀಟರ್ ತರಬೇಕು. ಆದರೆ ಯಾರಿಗೂ ಗೊತ್ತಾಗಬಾರದು.

ಯಾಕೆ ಗೊತ್ತಾಗಬಾರದು ಅಂದರೆ, ಅದಕ್ಕೊಂದು ಹಳೆಯ ಕಥೆಯಿದೆ. ಹನ್ನೊಂದು ವರ್ಷದ ಹಿಂದೆ ನನ್ನ ಭಾವಮೈದ, ಅಂದರೆ ಹೆಂಡತಿಯ ತಮ್ಮ, ನನ್ನ ಜೊತೆಯಲ್ಲೇ ಕೆಲಸಕ್ಕಿದ್ದ. ಒಳ್ಳೆಯ ಕೆಲಸಗಾರ. ಒಂದು ದಿನ ಮುಳ್ಳಿನ ಥರ್ಮಾಮೀಟರೊಂದನ್ನು ತಂದು, ಅಂಗಡಿ ತುಂಬ ಜನ ಇರುವಾಗ ಕೋಳಿಯ ಎದೆಗೆ ಚುಚ್ಚಿದ. ನಾನು ಎಲ್ಲರಿಗೂ ಕೇಳುವ ಹಾಗೆ, "ಏನೋ, ಮಾಂಸಕ್ಕೆ ಜ್ವರ ಬಂದಿದ್ಯಾ? ಹೋಗು, ಒದ್ದೆ ಬಟ್ಟೆ ತಂದು ಹಣೆ ಮೇಲೆ ಹಾಕು!" ಅಂದೆ. ಜನ ಬಿದ್ದು ಬಿದ್ದು ನಕ್ಕರು. ಮೊದಲು ಅವನೂ ನಕ್ಕ. ಆಮೇಲೆ ಏಪ್ರನ್ ಬಿಚ್ಚಿ, ನೀಟಾಗಿ ನಾಲ್ಕು ಮಡಿಕೆ ಮಾಡಿ, ಕಟ್ಟೆಯ ಮೇಲಿಟ್ಟು ಹೊರಟುಹೋದ. ಊರಿನ ಇನ್ನೊಂದು ತುದಿಯಲ್ಲಿ ಸ್ವಂತ ಅಂಗಡಿ ಇಟ್ಟ. ಈಗ ನೆಂಟರ ಮನೆಯಲ್ಲಿ ಎದುರಾದರೆ "ಊಟ ಆಯ್ತಾ?" "ಆಯ್ತು." ಅಲ್ಲಿಗೆ ಮಾತು ಮುಗಿಯುತ್ತದೆ. ಅಂಥ ನಾನು ಈಗ ಥರ್ಮಾಮೀಟರ್ ಹಿಡಿದರೆ, ಉಗುಳಿದ್ದನ್ನು ನೆಕ್ಕಿದ ಹಾಗಲ್ಲವೇ?

ಅಡುಗೆ ಸಾಮಾನಿನ ದೊಡ್ಡ ಅಂಗಡಿಗೆ ಮಧ್ಯಾಹ್ನ, ಜನ ಕಡಿಮೆ ಇರುವಾಗ ಹೋದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮೊದಲು ಸೌಟುಗಳನ್ನು ನೋಡಿದೆ, ಆಮೇಲೆ ಜರಡಿಗಳನ್ನು ನೋಡಿದೆ. ಕನ್ನಡಕದ ಸೇಲ್ಸ್ ಹುಡುಗಿಯೊಬ್ಬಳು ಹಿಂದೆಯೇ ಬಂದಳು.

"ಏನ್ ಬೇಕಿತ್ತು ಸಾರ್?"

"ನನಗಲ್ಲ. ನನ್ನ ಭಾವಮೈದನಿಗೆ. ಮಾಂಸಕ್ಕೆ ಚುಚ್ಚೋದು ಇದ್ಯಲ್ಲ... ವೈರ್ ಇಲ್ದೇ ಇರೋದು."

ಹುಡುಗಿ ಚುರುಕು. ನೇರ ಕೆಂಡದ ಮೇಲೆ ಸುಡ್ತಾರಾ, ಮುಚ್ಚಳ ಹಾಕಿ ಹೊಗೆಯಲ್ಲಿ ಬೇಯಿಸ್ತಾರಾ? ಡ್ರಮ್ಮು ಕಬ್ಬಿಣದ್ದಾ? ಒಂದೇ ಸಲಕ್ಕೆ ಎಷ್ಟು ತುಂಡು? ಎಷ್ಟು ದೂರದಿಂದ ನೋಡಬೇಕು? ಫೋನಿನಲ್ಲಾ, ಬೇರೆ ಡಬ್ಬಿಯಲ್ಲಾ? ನನ್ನ ಮದುವೆ ಮಾತುಕತೆಯಲ್ಲೂ ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಮೂರು ಬಗೆಯದನ್ನು ಮೇಜಿನ ಮೇಲಿಟ್ಟಳು. ಒಂದಕ್ಕೆ ನಾಲ್ಕು ಕಡ್ಡಿ, ಕಡ್ಡಿಯಿಂದ ಆಂಟೆನಾದ ಡಬ್ಬಿಯವರೆಗೆ ವೈರು, ಆ ಡಬ್ಬಿಯಿಂದ ಕೈಯಲ್ಲಿರುವ ಡಬ್ಬಿಗೆ ಗಾಳಿಯಲ್ಲೇ ಸುದ್ದಿ. ಎರಡನೆಯದು ಫೋನಿಗೆ ಹೇಳುತ್ತದೆ, ಬೆಂದ ಕೂಡಲೇ ಹಾಡುತ್ತದೆ. ಮೂರನೆಯದು ಪೆನ್ನಿನ ರೀಫಿಲ್ಲಿನಷ್ಟು ಉದ್ದದ ಒಂದೇ ಕಡ್ಡಿ, ಜೊತೆಗೆ ಜೇಬಿಗೆ ಹಿಡಿಯುವ ಪುಟ್ಟ ಡಬ್ಬಿ.

"ಕಬ್ಬಿಣದ ಡ್ರಮ್ ಆದ್ರೆ ಮೊದಲನೇದು ತಗೊಳ್ಳಿ ಸಾರ್. ಮುಚ್ಚಳ ಹಾಕಿದ್ರೂ ಸಿಗ್ನಲ್ ಹೋಗಲ್ಲ. ನಾಲ್ಕು ತುಂಡು ಒಟ್ಟಿಗೇ ನೋಡಬಹುದು. ಅಂಗಡಿ ನಡೆಸೋರಿಗೆ ಅದೇ ಸರಿ."

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ನನಗೆ ಮುಖ್ಯವಾಗಿದ್ದ ಒಂದೇ ಒಂದು ವಿಷಯವನ್ನು ಅವಳು ಕೇಳಿರಲಿಲ್ಲ.

"ಇದರಲ್ಲಿ ಯಾವುದು ಕಣ್ಣಿಗೆ ಕಾಣ್ಸಲ್ಲ?"

ಹುಡುಗಿ ಕನ್ನಡಕ ಸರಿಮಾಡಿಕೊಂಡು ನನ್ನನ್ನೊಮ್ಮೆ ನೋಡಿ, ಮೂರನೆಯದನ್ನು ಮುಂದೆ ತಳ್ಳಿದಳು. "ಒಂದು ವಿಷಯ ಸಾರ್. ಈ ಕಪ್ಪು ಬಾಲ ಇದ್ಯಲ್ಲ, ಸಿಗ್ನಲ್ ಬರೋದು ಇದರಿಂದಲೇ. ಇದು ಮಾಂಸದಿಂದ ಹೊರಗೇ ಇರಬೇಕು. ಪೂರ್ತಿ ಒಳಗೆ ತೂರಿಸಬಾರದು ಅಂತ ನಿಮ್ಮ ಭಾವಮೈದಂಗೆ ಹೇಳಿ."

"ಹೇಳ್ತೀನಿ."

"ವಾರಂಟಿಗೆ ಅವರ ಫೋನ್ ನಂಬರ್?"

ಸುಳ್ಳು ಹೇಳಲು ಹೊರಟವನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು ಭಾವಮೈದನ ನಂಬರೇ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಒತ್ತದ ನಂಬರು, ಹತ್ತಕ್ಕೆ ಹತ್ತೂ ಅಂಕಿ ತಪ್ಪದೆ ಬಂತು.

ಮಾರನೆಯ ದಿನದಿಂದ ನನ್ನ ನಾಟಕ ಶುರು. ಮಸಾಲೆ ಮೆತ್ತುವ ನೆಪದಲ್ಲಿ ಎಲ್ಲರಿಗೂ ಬೆನ್ನು ಮಾಡಿ, ಕಡ್ಡಿಯನ್ನು ಮಾಂಸಕ್ಕೆ ಚುಚ್ಚುತ್ತಿದ್ದೆ. ಕಪ್ಪು ಬಾಲ ಹೊರಗಿದ್ದರೆ ಯಾರಾದರೂ ನೋಡುತ್ತಾರೆ ಅಂತ ಅದನ್ನೂ ಒಳಗೆ ತಳ್ಳಿ, ಮೇಲೆ ಮಸಾಲೆ ಮೆತ್ತಿಬಿಡುತ್ತಿದ್ದೆ. ಹುಡುಗಿ ಹೇಳಿದ ಹಾಗೇ ಸಿಗ್ನಲ್ ಸತ್ತುಹೋಗುತ್ತಿತ್ತು. ಡ್ರಮ್ಮಿಗೆ ಅಂಟಿಕೊಂಡು ನಿಂತರೆ ಮಾತ್ರ ಜೇಬಿನ ಡಬ್ಬಿಯಲ್ಲಿ ಅಂಕಿ ಮೂಡುತ್ತಿತ್ತು. ಓಣಿಯ ಆ ಕೊನೆಯಲ್ಲಿ ಕೂತು ನೋಡಬಹುದಾದ ಯಂತ್ರ ತಂದು, ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ಎರಡಡಿ ದೂರದಲ್ಲಿ ನಿಂತಿದ್ದೆ. ಅದಕ್ಕೆ ವೈರಿರಲಿಲ್ಲ ನಿಜ, ಕಟ್ಟಿಹಾಕಿದ್ದು ನನ್ನನ್ನು.

ಗಿರಾಕಿಗಳು ಅದನ್ನೇ, "ಎಂಥ ಶ್ರದ್ಧೆ ನೋಡಿ, ಡ್ರಮ್ ಬಿಟ್ಟು ಕದಲಲ್ಲ" ಅಂದರು. ಅಂಕಿ ನೋಡಿಕೊಂಡು, ಆಮೇಲೆ ಗಂಭೀರವಾಗಿ ಬೆರಳಿನಿಂದ ಒತ್ತಿ, ಕಣ್ಣು ಮುಚ್ಚಿ, "ಇನ್ನು ಹತ್ತು ನಿಮಿಷ" ಅನ್ನುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಮಾಂಸ ಮಾತ್ರ ಹಿಂದೆಂದೂ ಇಲ್ಲದಷ್ಟು ಹದವಾಗಿ ಬರತೊಡಗಿತು. ಟೈಲರಮ್ಮ ಕೂಡ, "ಬೆರಳು ರಜಾ ಮುಗಿಸಿ ಬಂದಿದೆ" ಅಂದರು. ಸತ್ತ ಮೇಲೆ ನನ್ನ ಬೆರಳಿನ ಕೀರ್ತಿ ಇಮ್ಮಡಿಯಾಯಿತು. ಪ್ರತಿ ಹೊಗಳಿಕೆಗೂ ನನಗೆ ನಾಚಿಕೆಯಾಗುತ್ತಿತ್ತು, ಆದರೂ ಬೇಡ ಅಂತ ಒಂದನ್ನೂ ವಾಪಸ್ ಕಳಿಸಲಿಲ್ಲ.

ಹೀಗಿರುವಾಗ ಶಾಲೆಯ ಹೆಡ್‌ಮಿಸ್ಟ್ರೆಸ್ ನಿವೃತ್ತರಾದರು. ಬೀಳ್ಕೊಡುಗೆ ಊಟಕ್ಕೆ ಹೊಗೆಯಲ್ಲಿ ಬೇಯಿಸಿದ ಇಡೀ ಕುರಿ ತೊಡೆ ಬೇಕು ಅಂದರು. ಹನ್ನೆರಡು ಗಂಟೆಗೆ ಸರಿಯಾಗಿ ಬೆಂದಿತು. ಇಳಿಸಿ ಕಟ್ಟೆಯ ಮೇಲಿಟ್ಟೆ. ಕಡ್ಡಿ ತೆಗೆಯಬೇಕು ಅನ್ನುವಷ್ಟರಲ್ಲಿ ಪೋಸ್ಟ್ ಮಾಸ್ತರರು ಯಾರೋ ನೆಂಟರನ್ನು ಕರೆತಂದು, "ಇವರೇ ಬೆರಳಣ್ಣ. ಒಂದು ಸಲ ಒತ್ತಿ ತೋರಿಸಿ" ಅಂದರು. ಹೊಗಳಿದರೆ ಕರಗುವ ಜಾತಿ ನನ್ನದು. ಕೆಂಡದ ಮೇಲಿನ ಕೋಳಿಯ ಹತ್ತಿರ ಹೋಗಿ ಒತ್ತಿದೆ, ಕಣ್ಣು ಮುಚ್ಚಿದೆ, ಸ್ವಲ್ಪ ಹೆಚ್ಚೇ ಹೊತ್ತು ಮುಚ್ಚಿದೆ. ಕಣ್ಣು ಬಿಟ್ಟು ತಿರುಗಿದರೆ ಕಟ್ಟೆ ಖಾಲಿ.

"ತೊಡೆ ಎಲ್ಲಿ?"

"ಶಾಲೆ ವ್ಯಾನ್ ಬಂದಿತ್ತು, ಕಟ್ಟಿ ಕಳಿಸ್ದೆ," ಅಂದಳು ನನ್ನವಳು. "ನೀವು ಕಣ್ಣು ಮುಚ್ಕೊಂಡು ನಿಂತಿದ್ರಿ. ಯಾಕೆ ಎಬ್ಬಿಸೋದು ಅಂತ ಸುಮ್ನಾದೆ."

ಜೇಬಿನ ಡಬ್ಬಿಯಲ್ಲಿ ಅಂಕಿಯಿಲ್ಲ, ಎರಡು ಗೀಟು ಮಾತ್ರ. ಮೂವತ್ತು ಜನ ಮೇಷ್ಟ್ರುಗಳ ಊಟದ ಮಧ್ಯೆ ನನ್ನ ಉಕ್ಕಿನ ಕಡ್ಡಿ. ಯಾರ ಹಲ್ಲು ಮುರಿಯುತ್ತದೋ, ಯಾರ ಗಂಟಲಿಗೆ ಸಿಗುತ್ತದೋ! ಸ್ಕೂಟರ್ ಹತ್ತಿದವನು ಏಪ್ರನ್ ಬಿಚ್ಚಲೂ ನಿಲ್ಲಲಿಲ್ಲ.

ಶಾಲೆಯ ಊಟದ ಹಾಲ್‌ನಲ್ಲಿ ಎಲ್ಲರೂ ಕೂತಾಗಿತ್ತು. ನಡುವಿನ ಮೇಜಿನ ಮೇಲೆ ತೊಡೆ. ಅದರ ಪಕ್ಕದಲ್ಲಿ ದೊಡ್ಡ ಚೂರಿ ಹಿಡಿದ ಆಟದ ಮೇಷ್ಟ್ರು. ಗೋಡೆ ಬದಿಯಲ್ಲಿ ಕೋಳಿಯ ತಟ್ಟೆಗಳನ್ನು ಜೋಡಿಸುತ್ತಿದ್ದವನು ನನ್ನ ಭಾವಮೈದ. ಕೋಳಿಯ ಆರ್ಡರು ಅವನಿಗೆ ಹೋಗಿದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಇವತ್ತೇ ಇವನೂ ಇರಬೇಕೇ ಅನ್ನಿಸಿತು.

"ನೋಡಿ, ಬೆರಳಣ್ಣ ಖುದ್ದು ಬಂದ್ರು!" ಅಂದರು ಹೆಡ್‌ಮಿಸ್ಟ್ರೆಸ್.

"ಕತ್ತರಿಸೋ ಮುಂಚೆ ಒಂದ್ ಸಲ ಒತ್ತಿ ನೋಡ್ಬೇಕು ಮೇಡಂ," ಅಂದೆ ಏದುಸಿರು ಬಿಡುತ್ತಾ.

ಮೇಜಿನ ಹತ್ತಿರ ಹೋದ ಕೂಡಲೇ ಡಬ್ಬಿಯಲ್ಲಿ ಅಂಕಿ ಮೂಡಿತು: ಎಪ್ಪತ್ತೊಂದು. ಕಡ್ಡಿ ಇಲ್ಲೇ ಇದೆ. ಆದರೆ ಎಲ್ಲಿ? ಹೊಗೆಗೆ ಕಪ್ಪಾದ ಮಾಂಸದಲ್ಲಿ ಯಾವ ತೂತೂ ಕಾಣುತ್ತಿರಲಿಲ್ಲ, ವ್ಯಾನಿನಲ್ಲಿ ತೊಡೆ ಯಾವ ಮಗ್ಗುಲಿಗೆ ತಿರುಗಿತ್ತೋ ಏನೋ. ಕೈ ತೊಳೆದು ಬಂದು ಒತ್ತಿದೆ. ಮೇಲೆ ಒತ್ತಿದೆ, ಕೆಳಗೆ ಒತ್ತಿದೆ, ಮೂಳೆಯ ಪಕ್ಕಕ್ಕೆ ಒತ್ತಿದೆ. ಒಂದು ಕಾಲದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುತ್ತಿದ್ದ ಬೆರಳಿಗೆ ಈಗ ಮಾಂಸ ಯಾವುದು, ಮೂಳೆ ಯಾವುದು, ಕಡ್ಡಿ ಯಾವುದು ಅನ್ನುವುದೇ ತಿಳಿಯಲಿಲ್ಲ. ಯಾರೋ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದರು. "ಅನುಭವ ಅಂದ್ರೆ ಇದು," ಅಂತ ಗಣಿತದ ಮೇಷ್ಟ್ರು ಪಕ್ಕದವರಿಗೆ ಪಿಸುಗುಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನೂ ಅವರು ಭಕ್ತಿ ಅಂದುಕೊಂಡಿರಬೇಕು.

ಆಗ ಪಕ್ಕದಲ್ಲಿ ಒಂದು ಕೈ ಬಂತು. ಭಾವಮೈದ ಹೆಗಲಿನ ಬಟ್ಟೆಯನ್ನು ತೊಡೆಯ ಮೇಲೆ ಹೊದಿಸಿ, "ಸ್ವಲ್ಪ ಬಿಡಿ ಭಾವ, ತಟ್ಟೆ ಜಾರ್ತಾ ಇದೆ," ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಬಟ್ಟೆಯ ಅಡಿಯಲ್ಲಿ ಅವನ ಬೆರಳು ಒಂದು ಸಲ ಹರಿದಾಡಿತು. ಒಂದೇ ಸಲ. ನಿಂತಿತು, ಒತ್ತಿತು, ಎಳೆಯಿತು. ಬಟ್ಟೆ ಮಡಚಿ ತೆಗೆಯುವಾಗ ನನ್ನ ಏಪ್ರನ್ನಿನ ಜೇಬಿಗೆ ಬಿಸಿಯಾದದ್ದೇನೋ ಬಿತ್ತು.

"ಏನಂತೆ ಬೆರಳು?" ಕೇಳಿದರು ಹೆಡ್‌ಮಿಸ್ಟ್ರೆಸ್.

ಹದವಾಗಿದೆ ಅಂದಿದ್ದರೆ ಮುಗಿಯುತ್ತಿತ್ತು. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗುತ್ತಿರಲಿಲ್ಲ. ಆದರೆ ಅವನು ಏನೂ ಆಗಿಲ್ಲವೆಂಬಂತೆ ಮತ್ತೆ ಕೋಳಿಯ ತಟ್ಟೆಗಳ ಕಡೆ ಹೊರಟದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಮೇಡಂ, ನನ್ನ ಬೆರಳು ಸತ್ತು ಎರಡು ವರ್ಷ ಆಯ್ತು. ಏನೂ ಗೊತ್ತಾಗಲ್ಲ. ಈಗ ನೋಡಿದ್ದು ಅವನ ಬೆರಳು. ಇಷ್ಟು ದಿನ ನಾನು ಥರ್ಮಾಮೀಟರ್ ಇಟ್ಕೊಂಡು ನಿಮಗೆಲ್ಲ ಮೋಸ ಮಾಡ್ತಿದ್ದೆ."

ಇಡೀ ಹಾಲ್ ನಕ್ಕಿತು. "ಎಂಥ ವಿನಯ!" ಅಂದರು ಹೆಡ್‌ಮಿಸ್ಟ್ರೆಸ್. ಗಣಿತದ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಎರಡು ವರ್ಷ ಸುಳ್ಳು ಹೇಳಿದಾಗ ನಂಬಿದವರು ಒಂದು ದಿನ ನಿಜ ಹೇಳಿದರೆ ನಂಬಲಿಲ್ಲ. ಆಟದ ಮೇಷ್ಟ್ರು ಕತ್ತರಿಸಲು ಶುರುಮಾಡಿದರು.

ನಗದೇ ಇದ್ದವನು ಒಬ್ಬನೇ. ಹೊರಗೆ ಕೈ ತೊಳೆಯುವ ನಲ್ಲಿಗಳ ಸಾಲಿನ ಹತ್ತಿರ ನಾನು ಬಾಲ ಮುದುರಿಕೊಂಡು ನಿಂತಿದ್ದಾಗ ಬಂದ. ಕೇಳದೆಯೇ ನನ್ನ ಕೈ ಹಿಡಿದು, ತೋರುಬೆರಳ ತುದಿಯನ್ನು ಉಗುರಿನಿಂದ ಒತ್ತಿದ.

"ಗೊತ್ತಾಗುತ್ತಾ?"

"ಇಲ್ಲ ಕಣೋ."

"ಅಕ್ಕನಿಗೆ ಗೊತ್ತಾ?"

"ಇಲ್ಲ. ಹೇಳಿಲ್ಲ. ಕಡ್ಡಿ ಒಳಗಿದೆ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಒಂದು ತಿಂಗಳಿಂದ ನನಗೆ ಮೆಸೇಜ್ ಬರ್ತಿದೆ. ನಿಮ್ಮ ಹೊಸ ಥರ್ಮಾಮೀಟರ್ ಹೇಗಿದೆ, ತೃಪ್ತಿಯಾಗಿದ್ಯಾ ಅಂತ. ಅಂಗಡಿಗೆ ಹೋಗಿ ವಿಚಾರಿಸ್ದೆ. ನಿಮ್ಮ ಭಾವ ಪಾಪ, ಕಣ್ಣಿಗೆ ಕಾಣದೇ ಇರೋದು ಕೇಳಿ ತಗೊಂಡು ಹೋದ್ರು ಅಂದಳು ಆ ಹುಡುಗಿ." ನಗು ತಡೆದುಕೊಂಡ. "ಅಲ್ಲ, ಬಾಲ ಹೊರಗಿರಬೇಕು ಅಂತ ಅವಳು ಹೇಳಿರಲಿಲ್ವಾ?"

"ಹೇಳಿದ್ದಳು." ಆಮೇಲೆ, ಹನ್ನೊಂದು ವರ್ಷದಿಂದ ನಾಲಿಗೆಯ ಹಿಂದೆ ಕೂತಿದ್ದನ್ನು ಹೇಳಿದೆ. "ಅವತ್ತು ಅಷ್ಟು ಜನರ ಮುಂದೆ ನಾನು ಆ ಮಾತು ಆಡಬಾರದಿತ್ತು. ತಪ್ಪಾಯ್ತು."

ಅವನು ನನ್ನ ಜೇಬಿನಿಂದ ಕಡ್ಡಿ ತೆಗೆದು ನಲ್ಲಿಯಡಿ ತೊಳೆದು, ಬಟ್ಟೆಯಲ್ಲಿ ಒರೆಸಿ, ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದ. ಕಪ್ಪು ಬಾಲವನ್ನು ಮುಷ್ಟಿಯ ಹೊರಗೆ ಬಿಟ್ಟ. ಇನ್ನೊಂದು ಜೇಬಿನಿಂದ ಡಬ್ಬಿ ತೆಗೆದುಕೊಂಡು, ಸೀದಾ ಅಂಗಳ ದಾಟಿ ಗೇಟಿನವರೆಗೆ ನಡೆದುಹೋದ. ಅಲ್ಲಿ ನಿಂತು ಡಬ್ಬಿಯನ್ನೇ ನೋಡುತ್ತಿದ್ದ. ನಾನು ಮುಷ್ಟಿ ಬಿಗಿಹಿಡಿದು, ತಪ್ಪು ಮಾಡಿ ಶಿಕ್ಷೆಗೆ ನಿಂತ ಹುಡುಗನ ಹಾಗೆ ನಲ್ಲಿಯ ಹತ್ತಿರ ಕಾಯುತ್ತಿದ್ದೆ.

"ಮೂವತ್ತೈದು!" ಅಂತ ಅಲ್ಲಿಂದಲೇ ಕೂಗಿದ, ಊಟಕ್ಕೆ ಕೂತವರಿಗೆಲ್ಲ ಕೇಳುವ ಹಾಗೆ. "ಜ್ವರ ಇಲ್ಲ, ಭಾವ!"