ನಾಳೆಗೆಂದು ಉಳಿಸಿದ ಕೆಂಡ

ಒಗೆದು ಹಗ್ಗಕ್ಕೆ ಹಾಕಿದ ಬಟ್ಟೆ ಸಂಜೆಗೆ ಹೊಗೆಯ ವಾಸನೆ ಹೊತ್ತು ಮನೆಯೊಳಗೆ ಬರುತ್ತಿತ್ತು. ಕಿಟಕಿಯ ಕಟ್ಟೆಯನ್ನು ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಬೂದಿ. ಉಳಿದಂತೆ ಊರು ಎಂದಿನಂತೆಯೇ ಇತ್ತು. ಅಂಗಡಿಗಳು ತೆರೆದಿದ್ದವು, ಬಸ್ಸು ಬಂದು ಹೋಗುತ್ತಿತ್ತು. ಬೆಂಕಿ ಬಿದ್ದದ್ದು ಆಚೆ ಗುಡ್ಡದ ಕಾಡಿಗೆ. ಪ್ರತಿ ಬೇಸಿಗೆಯಲ್ಲೂ ಬೀಳುತ್ತದೆ, ತಾನಾಗಿಯೇ ಆರುತ್ತದೆ ಎಂದು ಚಹಾದಂಗಡಿಯಲ್ಲಿ ಕುಳಿತವರು ಹೇಳಿದರು. ಹಾಗೆ ಹೇಳಿದವರಲ್ಲಿ ಜೇನುಗಾರನೂ ಒಬ್ಬ.

ಅವನನ್ನು ಊರವರು ಕಡ್ಡಿ ಎಂದು ಕರೆಯುತ್ತಿದ್ದರು. ಅವನೇನೂ ತೆಳ್ಳಗಿರಲಿಲ್ಲ. ಒಂದು ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಎರಡು ಮಾಡಿಕೊಳ್ಳುತ್ತಾನೆ ಎಂಬ ಮಾತನ್ನು ಯಾರೋ ಹಬ್ಬಿಸಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಅವನ ಹಿತ್ತಲಿನಲ್ಲಿ ಜೇನುಪೆಟ್ಟಿಗೆಗಳು ಕಲ್ಲುಗಳ ಮೇಲೆ ಸಾಲಾಗಿ ನಿಂತಿದ್ದವು. ಕಾಡು ಹೂಬಿಡುವ ಕಾಲ ಬಂದಾಗ ಅವನ್ನು ಗಾಡಿಯಲ್ಲಿ ಕಾಡಂಚಿನ ಬಯಲಿಗೆ ಸಾಗಿಸಿ, ಹೂವು ಮುಗಿಯುವವರೆಗೆ ಅಲ್ಲೇ ಇಡುವುದು ಅವನ ಕ್ರಮ. ವರ್ಷದ ಜೇನುತುಪ್ಪವೆಲ್ಲ ಆ ಕೆಲವು ವಾರಗಳಲ್ಲೇ ಕೂಡಬೇಕು. ಆ ಹೂವು ತಪ್ಪಿದರೆ ಪೆಟ್ಟಿಗೆಯೊಳಗಿನ ಕುಟುಂಬವೂ ಸೊರಗುತ್ತದೆ, ಮನೆಯೊಳಗಿನದೂ ಸೊರಗುತ್ತದೆ.

ಈ ಸಲ ಬಯಲಿನ ದಾರಿಗೆ ಗೇಟು ಬಿದ್ದಿತ್ತು. ಬೀಗದ ಕೈ ಅವನ ಅತ್ತಿಗೆಯ ಬಳಿ. ಅಣ್ಣನ ಹೆಂಡತಿಯಾದ ಅವಳಿಗೆ ಬೇಸಿಗೆಯಲ್ಲಿ ಅರಣ್ಯ ಇಲಾಖೆಯ ಬೆಂಕಿ ಕಾವಲಿನ ಕೆಲಸ. ಯಾರನ್ನು ಒಳಗೆ ಬಿಡಬಹುದೆಂದು ನೋಡಿ ತೀರ್ಮಾನಿಸುವುದು ಅವಳ ಪಾಲಿಗೆ ಬಂದಿತ್ತು. ಸ್ವಂತ ಅತ್ತಿಗೆಯೇ ಕಾವಲಿರುವಾಗ ಗೇಟು ತೆರೆಯದೆ ಎಲ್ಲಿಗೆ ಹೋದೀತು ಎಂದು ಜೇನುಗಾರ ನೆಮ್ಮದಿಯಾಗಿದ್ದ.

ಮಧ್ಯಾಹ್ನ ಅತ್ತಿಗೆ ಬಂದಾಗ ಅವನು ಪೆಟ್ಟಿಗೆಗಳನ್ನು ತೆರೆದು ನೋಡುವ ಕೆಲಸ ಮುಗಿಸಿದ್ದ. ಕೈಯಲ್ಲಿ ಇನ್ನೂ ಹೊಗೆತಿದಿ ಇತ್ತು. ಅದು ಮೂತಿಯುಳ್ಳ ತಗಡಿನ ಡಬ್ಬಿ. ಬೆನ್ನಿಗೊಂದು ಗಾಳಿಯೂದುವ ಪುಟ್ಟ ತಿದಿ. ಒಳಗೆ ಒಣ ತೊಗಟೆ, ಗೋಣಿಯ ಚೂರು ಹೊಗೆಯಾಡಿಸಿ ಪೆಟ್ಟಿಗೆಯ ಬಾಯಿಗೆ ಊದಿದರೆ ಜೇನುಹುಳುಗಳು ಮೆತ್ತಗಾಗುತ್ತವೆ. ಅವನು ಡಬ್ಬಿಯನ್ನು ಹಳೆಯ ಮರದ ಮೋಟಿನ ಬುಡದಲ್ಲಿ ಬೋರಲು ಹಾಕಿ ತಟ್ಟಿದ. ಅರ್ಧ ಸುಟ್ಟ ಇದ್ದಿಲು ಬಿತ್ತು. ಹಿಮ್ಮಡಿಯಿಂದ ತುಳಿದ. ಕಾಲಿನಿಂದಲೇ ಅದರ ಮೇಲೆ ಮಣ್ಣು ಎಳೆದ.

"ಏನು ಅತ್ತಿಗೆ, ನಿಂತಲ್ಲೇ ನಿಂತು ನೋಡ್ತಾ ಇದ್ದೀರಿ, ಕಳ್ಳನ್ನ ಹಿಡಿಯೋ ಹಾಗೆ. ಒಳಗೆ ಬನ್ನಿ."

"ಬರ್ತೀನಿ. ಅದೇನು ಹೂತಿದ್ದು?"

"ಇದ್ದಿಲು. ನಾಳೆ ಇದನ್ನೇ ತೆಗೆದು ಹಾಕಿದ್ರೆ ಬೇಗ ಹೊತ್ತುತ್ತೆ. ಅರ್ಧ ಕಡ್ಡಿ ಸಾಕು."

"ನೀರು ಹಾಕಲ್ವಾ?"

"ಒದ್ದೆ ಇದ್ದಿಲು ತಗೊಂಡು ಏನು ಮಾಡ್ಲಿ? ತುಳಿದಿದ್ದೀನಿ, ಮಣ್ಣು ಮುಚ್ಚಿದ್ದೀನಿ. ಹೊಗೆ ಕಾಣ್ತಾ ಇದೆಯಾ ನಿಮಗೆ? ಹೊಗೆ ಇಲ್ಲ ಅಂದ್ರೆ ಬೆಂಕಿ ಸತ್ತ ಹಾಗೇ."

"ಬಯಲಲ್ಲೂ ಹೀಗೇ ಮಾಡ್ತೀಯ?"

"ಮತ್ತೆ? ಅಲ್ಲಿಗೊಂದು ಕೈ, ಇಲ್ಲಿಗೊಂದು ಕೈ ಇಟ್ಕೊಂಡಿದ್ದೀನಾ ನಾನು?"

ಅತ್ತಿಗೆ ಮೋಟಿನ ಕಡೆ ಒಮ್ಮೆ ನೋಡಿ, ಮೈದುನನ ಕಡೆ ತಿರುಗಿದಳು.

"ಊಟ ಆಗ್ಲಿ. ಆಮೇಲೆ ಬಂದು ಆ ಮಣ್ಣನ್ನ ನೀನೇ ಮುಟ್ಟಿ ನೋಡು. ತಣ್ಣಗಿದ್ರೆ ನಾಳೆಯೇ ಗೇಟು ತೆಗೀತೀನಿ. ಬಿಸಿ ಇದ್ರೆ ಇಲ್ಲ."

"ಪಂದ್ಯನಾ?"

"ಪರೀಕ್ಷೆ."

"ಪರೀಕ್ಷೆಗೂ ನನಗೂ ಆಗಿಬರಲ್ಲ, ನಿಮಗೇ ಗೊತ್ತು."

"ಗೊತ್ತಿಲ್ದೇ ಏನು. ನಾನು ಮದುವೆಯಾಗಿ ಬಂದಾಗ ಯಾವ ತರಗತೀಲಿದ್ಯೋ, ನನ್ನ ಮಗ ಹುಟ್ಟಿದಾಗ್ಲೂ ಅದೇ ತರಗತೀಲಿದ್ದೆ."

ಮನೆಯೊಳಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಅವನ ತಾಯಿ ಗೋಡೆಗೆ ಒರಗಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕುಳಿತಿದ್ದಳು. ಹಿರಿಯ ಸೊಸೆಯನ್ನು ಕಂಡು ಬಟ್ಟೆ ಕೆಳಗೆ ಸರಿಸಿದಳು.

"ಬೆಂಕಿ ಎಲ್ಲೋ ಗುಡ್ಡದಲ್ಲಿ. ಕೆಮ್ಮು ನನ್ನ ಎದೇಲಿ. ಇದ್ಯಾವ ನ್ಯಾಯ ಹೇಳೇ."

"ಹೊಗೆಗೆ ಬೇಲಿ ಇಲ್ವಲ್ಲ ಅತ್ತೆ. ಈ ಬಟ್ಟೆ ಬೂದಿ ತಡೆಯುತ್ತೆ ಅಷ್ಟೇ, ಹೊಗೇಲಿರೋ ಸಣ್ಣ ಕಣ ತಡೆಯಲ್ಲ. ಹೊಗೆ ಇರೋಷ್ಟು ದಿನ ಹೊರಗೆ ಬರಬೇಡಿ. ಉಸಿರು ಕಟ್ಟಿದ ಹಾಗಾದ್ರೆ ಬೆಳಗಾಗ್ಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಡಿ."

ಜೇನುಗಾರನ ಹೆಂಡತಿ ಊಟ ಬಡಿಸಿದಳು. ಅವನು ಎರಡು ತುತ್ತು ಉಂಡು ಮಾತಿಗೆ ತೊಡಗಿದ.

"ಅಲ್ಲ ಅತ್ತಿಗೆ, ಕಾಡು ಸುಟ್ರೆ ಬೂದಿ ಗೊಬ್ಬರ ಆಗುತ್ತೆ. ಮಳೆ ಬಿದ್ರೆ ಹುಲ್ಲು ಹಸಿರಾಗುತ್ತೆ. ಇದರಲ್ಲಿ ಕೆಟ್ಟದ್ದೇನು?"

"ಹುಲ್ಲು ಬರುತ್ತೆ, ಇಲ್ಲ ಅನ್ನಲ್ಲ. ಮರದ ಸಸಿ ಬರಲ್ಲ. ಬೆರಳುದ್ದ ಬೆಳೆದಿರೋದನ್ನ ವರ್ಷ ವರ್ಷ ಸುಟ್ರೆ ಅದು ಮರ ಆಗೋದು ಯಾವಾಗ? ಇನ್ನು ಬೂದಿ, ಅದು ಅಲ್ಲೇ ಕೂತಿರುತ್ತಾ? ಮೊದಲ ಮಳೆಗೆ ತೊಳ್ಕೊಂಡು ಕೆರೆಗೆ ಬರುತ್ತೆ."

"ಬರ್ಲಿ ಬಿಡಿ, ಮಳೆ ನೀರೂ ಜೊತೆಗೆ ಬರುತ್ತಲ್ಲ."

"ಅದೇ ತೊಂದರೆ. ನೆಲದ ಮೇಲೆ ತರಗೆಲೆ ಇದ್ರೆ ಮಳೆ ನೀರು ಅದರಲ್ಲಿ ನಿಂತು ಮೆಲ್ಲಗೆ ಇಳಿಯುತ್ತೆ. ಸುಟ್ಟ ನೆಲ ಗಟ್ಟಿಯಾಗಿ ನೀರು ಕುಡಿಯಲ್ಲ. ಒಂದೇ ಸಲಕ್ಕೆ ಹರಿದು ಬಂದು ಕೆರೇಲಿ ಹೂಳು ತುಂಬುತ್ತೆ. ನಿನ್ನ ಮನೆ ನಲ್ಲಿಗೆ ನೀರು ಬರೋದು ಮೇಲಿನ ಒರತೆಯಿಂದ. ನೆಲಕ್ಕೆ ನೀರು ಇಳೀದಿದ್ರೆ ಒರತೆಗೆ ಎಲ್ಲಿಂದ ಬರಬೇಕು?"

ಜೇನುಗಾರನ ಹೆಂಡತಿ ಗಂಡನತ್ತ ನೋಡಿದಳು. ಹೋದ ಬೇಸಿಗೆಯಲ್ಲಿ ನಲ್ಲಿ, ಹಿತ್ತಲಿನ ಬಾವಿ ಎರಡೂ ಒಣಗಿದಾಗ ಬೀದಿಯ ತುದಿಯಿಂದ ನೀರು ಹೊತ್ತವಳು ಅವಳು. ಅವನು ಅದನ್ನು ಕಂಡೂ ಕಾಣದವನಂತೆ ಮಾತು ಬದಲಿಸಿದ.

"ನಿಮ್ಮ ಇಲಾಖೆಯವರೇ ಸುಡ್ತಾರಲ್ಲ? ನಾನೇ ನೋಡಿದ್ದೀನಿ, ದಾರಿ ಉದ್ದಕ್ಕೂ. ನೀವು ಸುಟ್ರೆ ಕಾವಲು, ನಾವು ಸುಟ್ರೆ ತಪ್ಪು."

"ಸುಡ್ತೀವಿ. ಬೆಂಕಿ ಬಂದ್ರೆ ಮುಂದಕ್ಕೆ ದಾಟಬಾರದು ಅಂತ ಒಂದು ಪಟ್ಟಿ ಮಾತ್ರ. ಬೇಸಿಗೆಗೆ ಮುಂಚೆ, ಇಬ್ಬನಿ ಇರೋವಾಗ, ಗಾಳಿ ಇಲ್ಲದ ಹೊತ್ತು. ಎರಡೂ ಕಡೆ ಜನ ನಿಂತಿರ್ತಾರೆ. ಪೂರ್ತಿ ಆರಿದ್ಮೇಲೇ ಮನೆಗೆ ಹೋಗೋದು. ನೀನು ಮಣ್ಣು ಎಳೆದು ಊಟಕ್ಕೆ ಬಂದು ಕೂತಿದ್ದೀಯ."

"ಆ ಗುಡ್ಡದ್ದು ಯಾರ ಕೆಲಸ?"

"ಗೊತ್ತಿಲ್ಲ. ಯಾರೂ ಬೇಕು ಅಂತ ಹಚ್ಚಿರಲಿಕ್ಕಿಲ್ಲ. ಆರಿದೆ ಅಂದ್ಕೊಂಡು ಯಾರೋ ಎದ್ದು ಹೋಗಿರ್ತಾರೆ."

ಆಗ ಜೇನುಗಾರನ ಹೆಂಡತಿ ಬಡಿಸುತ್ತಿದ್ದ ಕೈ ನಿಲ್ಲಿಸಿದಳು.

"ಏನೋ ಸುಟ್ಟ ವಾಸನೆ."

"ವಾರದಿಂದ ಅದೇ ವಾಸನೆ ತಾನೇ. ಇವತ್ತು ಹೊಸದಾ?"

"ಅಲ್ಲ ರೀ. ಇದು ಮೇಣ."

ಹುಳುಗಳು ಕಟ್ಟಿದ ಎರಿಯನ್ನು ಕರಗಿಸಿ ಮೇಣ ತೆಗೆಯುವುದು ಆ ಮನೆಯಲ್ಲಿ ಅವಳ ಕೆಲಸ. ಆ ವಾಸನೆಯಲ್ಲಿ ಅವಳು ತಪ್ಪುವವಳಲ್ಲ. ಅವಳ ಹಿಂದೆ ಅವನೂ ಅತ್ತಿಗೆಯೂ ಎಂಜಲು ಕೈಯಲ್ಲೇ ಎದ್ದು ಹಿತ್ತಲಿಗೆ ಓಡಿದರು.

ಗಾಳಿ ಎದ್ದಿತ್ತು. ಅವನು ಇದ್ದಿಲು ಹೂತ ಜಾಗದಲ್ಲಿ ಏನೂ ಕಾಣುತ್ತಿರಲಿಲ್ಲ. ಮಣ್ಣು ಅವನು ಎಳೆದಂತೆಯೇ ಇತ್ತು. ಬೆಂಕಿ ಎದ್ದದ್ದು ಮೋಟಿನ ಇನ್ನೊಂದು ಮಗ್ಗುಲಿನಲ್ಲಿ. ಕೆಂಡ ಒಳಗೊಳಗೇ ಲೊಡ್ಡು ಹಿಡಿದು ಟೊಳ್ಳಾದ ಮರವನ್ನು ತಿಂದು, ಒಣ ಬೇರಿನ ಗುಂಟ ಸಾಗಿ, ಆಚೆಗಿದ್ದ ಹುಲ್ಲಿಗೆ ಹತ್ತಿಕೊಂಡಿತ್ತು. ಆ ಕಡೆಯ ಎರಡು ಪೆಟ್ಟಿಗೆಗಳಿಗೆ ಉರಿ ತಗುಲಿತ್ತು.

ಅವನು ಮುಖಪರದೆಯಿಲ್ಲದೆಯೇ ಒಂದನ್ನು ಬಾಚಿ ಎತ್ತಿಕೊಂಡು ಬಾವಿಯ ಕಡೆ ಓಡಿದ. ಹುಳುಗಳು ಕತ್ತಿಗೆ, ಕಿವಿಗೆ ಕಚ್ಚಿದವು. ಇನ್ನೊಂದಕ್ಕೆ ಹಿಂದಿರುಗಿ ಬರುವಷ್ಟರಲ್ಲಿ ಒಳಗಿನ ಎರಿ ಕರಗಿ, ಮೇಣ ಎಣ್ಣೆಯಂತೆ ಹೊತ್ತಿ, ಮುಚ್ಚಳದ ಸಂದಿಯಿಂದ ಉರಿ ಹೊರಬರುತ್ತಿತ್ತು. ಕೈ ಹಾಕಲು ಹೋದವನನ್ನು ಹೆಂಡತಿ ಅಂಗಿ ಹಿಡಿದು ಎಳೆದಳು. ಅತ್ತಿಗೆ ಹಸಿ ಕೊಂಬೆ ಮುರಿದು ಹುಲ್ಲಿನ ಉರಿಯನ್ನು ಅಂಚಿನಿಂದ ಬಡಿಯುತ್ತ ಬಂದಳು. ಹೆಂಡತಿ ಕೊಡಗಳನ್ನು ಸುರಿದಳು. ಬೆಂಕಿ ಬೇಲಿ ದಾಟಲಿಲ್ಲ.

ಉರಿ ಅಡಗಿದ ಮೇಲೂ ಅತ್ತಿಗೆ ನಿಲ್ಲಿಸಲಿಲ್ಲ. ಹಾರೆಯಿಂದ ಮೋಟನ್ನು ಬಗೆದು ನೀರು ಹಾಕಿಸಿದಳು, ಕೆದಕಿದಳು, ಮತ್ತೆ ಹಾಕಿಸಿದಳು. ಚುಸ್ಸೆನ್ನುವ ಸದ್ದು ನಿಂತ ಮೇಲೆ ಅಂಗೈಯ ಹಿಂಬದಿಯನ್ನು ಮೊದಲು ಮಣ್ಣಿನ ಹತ್ತಿರ ಹಿಡಿದು, ಕಾವು ತಗುಲದಿದ್ದಾಗ ಮುಟ್ಟಿ ನೋಡಿದಳು.

"ಈಗ ಸತ್ತಿದೆ," ಎಂದಳು. ಹಾರೆಯನ್ನು ಕೆಳಗಿಟ್ಟು, "ತಪ್ಪು ನಂದೂ ಇದೆ ಕಣಪ್ಪ. ನಿನ್ನ ಕೈ ಬಿಸಿಯಾದ್ರೆ ಬುದ್ಧಿ ಬರುತ್ತೆ ಅಂತ ಬಿಟ್ಟೆ. ಮೋಟು ಲೊಡ್ಡಾಗಿರೋದು ನೋಡ್ಲಿಲ್ಲ. ಕಾವಲಿನವಳಿಗೇ ಹೀಗಾಯ್ತು," ಎಂದಳು.

ಅವನು ಬಾವಿಯ ಕಡೆಗೆ ನಡೆದ. ಉಳಿದ ಪೆಟ್ಟಿಗೆಯನ್ನು ತಂದು ಅದರ ಜಾಗದಲ್ಲೇ ಇಟ್ಟ.

ಸುಟ್ಟ ಪೆಟ್ಟಿಗೆಯ ಹುಳುಗಳಲ್ಲಿ ಹಲವು ಬೆಂಕಿ ಬಿದ್ದಾಗ ಮೇವಿಗೆ ಹೋಗಿದ್ದವು. ಅವು ಈಗ ಒಂದೊಂದಾಗಿ ಮರಳತೊಡಗಿದವು. ಪೆಟ್ಟಿಗೆಯ ಬಾಯಿ ಇದ್ದ ಎತ್ತರಕ್ಕೆ ಸರಿಯಾಗಿ ಬಂದು, ಅಲ್ಲಿ ಬಾಯಿ ಇಲ್ಲದ್ದರಿಂದ ಹಿಂದೆ ಸರಿದು, ಮತ್ತೆ ಅಲ್ಲಿಗೇ ಬರುತ್ತಿದ್ದವು. ಕಾಲಲ್ಲಿ ಪರಾಗದ ಹಳದಿ ಉಂಡೆ ಹಾಗೆಯೇ ಇತ್ತು. ಹೊರೆ ತಂದ ಕೆಲವನ್ನು ಪಕ್ಕದ ಪೆಟ್ಟಿಗೆಯವು ಒಳಗೆ ಬಿಟ್ಟುಕೊಂಡವು. ಬರಿದೇ ಬಂದವನ್ನು ಬಾಗಿಲಲ್ಲೇ ತಡೆದವು. ಬೆಳಕು ಇಳಿಯುವವರೆಗೂ ಜೇನುಗಾರ ಅದನ್ನು ನೋಡುತ್ತ ಕುಳಿತಿದ್ದ.

"ಹೂವು ಮುಗಿದಿಲ್ಲ, ಮೇವು ಕಡಿಮೆಯಾಗಿಲ್ಲ. ಮನೆ ಇಲ್ಲ ಅಷ್ಟೇ," ಎಂದ.

"ಆಚೆ ಗುಡ್ಡದಲ್ಲೂ ಇದೇ ನಡೀತಿದೆ," ಎಂದಳು ಅತ್ತಿಗೆ. "ದೊಡ್ಡ ಪ್ರಾಣಿ ಓಡಿ ಊರಿಗೆ ಬರುತ್ತೆ, ಆಗ ನಾವು ಹೆದರ್ತೀವಿ. ಹಕ್ಕಿ ಮೊಟ್ಟೆ ಬಿಟ್ಟು ಹೋಗಲಾರದೆ ಸುತ್ತುತ್ತೆ. ತೆವಳೋದು, ಬಿಲದಲ್ಲಿರೋದು, ಅವುಗಳ ಸುದ್ದಿ ನಮಗೆ ಬರೋದೇ ಇಲ್ಲ."

ಅವನು ಅವಳ ಕಡೆ ತಿರುಗಿ ಕೇಳಿದ. "ಗೇಟು?"

"ತೆಗೆಯಲ್ಲ."

ಹೂವು ಯಾರಿಗೂ ಕಾಯುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಜೇನುಗಾರ ಎದ್ದು ಒಳಗೆ ಹೋದ. ಮರಳಿದಾಗ ಅವನ ಕೈಯಲ್ಲಿ ಬಿಗಿ ಮುಚ್ಚಳದ ಖಾಲಿ ಪೇಂಟಿನ ಡಬ್ಬಿ ಇತ್ತು.

"ಇದ್ದಿಲು ನೆಲಕ್ಕೆ ಹಾಕೋದೇ ಬೇಡ. ಇದರೊಳಗೆ ಹಾಕಿ ಮುಚ್ಚಳ ಬಡಿದ್ರೆ?"

ಅತ್ತಿಗೆ ಡಬ್ಬಿಯನ್ನು ತಿರುಗಿಸಿ ನೋಡಿದಳು. ಒಳಗೆ ಬಣ್ಣದ ಕಲೆ ಉಳಿದಿದೆಯೇ ಎಂದು ಉಗುರಿನಿಂದ ಕೆರೆದಳು. ಚೊಕ್ಕಟವಾಗಿತ್ತು.

"ಗಾಳಿ ಇಲ್ದೆ ಬೆಂಕಿ ಬದುಕಲ್ಲ. ಆರುತ್ತೆ. ಒದ್ದೆಯೂ ಆಗಲ್ಲ," ಎಂದಳು. "ಬಿಸಿ ಡಬ್ಬಿ ಹುಲ್ಲಿನ ಮೇಲೆ ಇಡಬಾರದು, ಕಲ್ಲಿನ ಮೇಲೆ. ತಣ್ಣಗಾಗೋವರೆಗೂ ಮುಚ್ಚಳ ತೆಗೀಬಾರದು."

"ಹಾಗಾದ್ರೆ ಅರ್ಧ ಕಡ್ಡಿ ನಿಯಮ ಉಳೀತು," ಎಂದಳು ಹೆಂಡತಿ.

ಯಾರೂ ನಗಲಿಲ್ಲ. ಆದರೆ ಅವನು ತಲೆಯಾಡಿಸಿದ.

ಮರುದಿನ ಅತ್ತಿಗೆ ಬರಲಿಲ್ಲ. ಅವನೇ ಡಬ್ಬಿಯನ್ನು ಹಿಡಿದುಕೊಂಡು ಗೇಟಿನ ಬಳಿಗೆ ಹೋದ. ಅವಳೆದುರಿಗೇ ಹೊಗೆತಿದಿ ಹೊತ್ತಿಸಿ, ಖಾಲಿ ಮಾಡಿ, ಮುಚ್ಚಳ ಬಿಗಿದು ಕಲ್ಲಿನ ಮೇಲಿಟ್ಟು ಕಾದ. ತಣ್ಣಗಾದ ಡಬ್ಬಿಯನ್ನು ಅವಳು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ತನ್ನ ಷರತ್ತುಗಳನ್ನು ಹೇಳಿದಳು: ಪೆಟ್ಟಿಗೆಗಳ ಸುತ್ತ ತರಗೆಲೆ ಗುಡಿಸಿ ಬರೀ ಮಣ್ಣು ಕಾಣಬೇಕು, ಹೊಗೆತಿದಿಯ ಕೆಲಸ ಗಾಳಿ ಏಳುವ ಮೊದಲೇ ಮುಗಿಯಬೇಕು, ತುಂಬಿದ ಕೊಡವೊಂದು ಪಕ್ಕದಲ್ಲಿರಬೇಕು. ಅವನು ಒಂದಕ್ಕೂ ಎದುರಾಡಲಿಲ್ಲ. ಗೇಟು ತೆರೆಯಿತು.

ಆ ವರ್ಷ ಅವನಿಗೆ ತುಪ್ಪ ಕಡಿಮೆ ಬಂತು. ಒಂದು ಕುಟುಂಬ ಇರಲಿಲ್ಲ. ಆಚೆ ಗುಡ್ಡದ ಕಡೆ ಹಾರಿದ ಹುಳುಗಳು ಬರಿದೇ ಮರಳುತ್ತಿದ್ದವು, ಅಲ್ಲಿ ಹೂವಿರಲಿಲ್ಲ. ಚಹಾದಂಗಡಿಯಲ್ಲಿ ಒಬ್ಬ, ಕಾಡಿನ ಬೆಂಕಿ ತಾನಾಗಿಯೇ ಆರುತ್ತದೆ ಎಂದಾಗ ಜೇನುಗಾರ ಲೋಟ ಕೆಳಗಿಟ್ಟು, "ಆರುತ್ತೆ. ಸುಡೋಕೆ ಏನೂ ಉಳೀದಿದ್ದಾಗ," ಎಂದು ಹೇಳಿ ಎದ್ದು ಬಂದ.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನೀವು ಜೇನು ಸಾಕದಿರಬಹುದು. ಆದರೆ ಬೀಡಿ ಸೇದುತ್ತೀರಿ, ಹೊಲದಂಚಿನ ಕಸ ಸುಡುತ್ತೀರಿ, ದನ ಮೇಯಿಸುವಾಗ ಚಹಾ ಕಾಸಿಕೊಳ್ಳುತ್ತೀರಿ. ಒಣಗಿದ ಕಾಲದಲ್ಲಿ ಕಾಡಿನ ಬಳಿ ಬೆಂಕಿ ಹೊತ್ತಿಸದಿರುವುದೇ ಸರಿ. ಹೊತ್ತಿಸಲೇಬೇಕಾಗಿ ಬಂದರೆ ಮಣ್ಣು ಮುಚ್ಚಿ ಹೊರಡಬೇಡಿ. ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿ, ಕಾವು ಹೋದದ್ದು ಖಚಿತವಾಗುವವರೆಗೆ ಅಲ್ಲೇ ಇರಿ. ದೂರದಲ್ಲಿ ಹೊಗೆ ಕಂಡರೆ ಯಾರ ಕೆಲಸವೆಂದು ವಿಚಾರಿಸುತ್ತ ನಿಲ್ಲಬೇಡಿ; ಅರಣ್ಯ ಇಲಾಖೆಗೋ ಅಗ್ನಿಶಾಮಕ ದಳಕ್ಕೋ ಆಗಲೇ ತಿಳಿಸಿ. ಗುಡ್ಡವನ್ನೆಲ್ಲ ಸುಡುವ ಬೆಂಕಿಯೂ ಮೊದಲಿಗೆ ಒಂದು ಕೊಡ ನೀರಿಗೆ ಆರುವಷ್ಟೇ ಇರುತ್ತದೆ. ಆ ಹೊತ್ತಿನಲ್ಲಿ ಅದರ ಪಕ್ಕದಲ್ಲಿ ಇರುವವರು ನೀವು.