ಹೊಳವನಹಳ್ಳಿಯ ರೋಮ್ ಪುರಾಣ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಧುಗಿರಿಯ ಕಾಲೇಜಿನಲ್ಲಿ ನನ್ನ ಕೈಯಲ್ಲಿ ಇತಿಹಾಸ ಕಲಿತವರೆಲ್ಲ ಹೇಳುತ್ತಾರೆ. ನಮ್ಮನೆಯವಳಂತೂ ದಿನಾ ಹೇಳುತ್ತಾಳೆ. ಹಾಗಾಗಿ ಆಷಾಢದ ಒಂದು ಬೆಳಿಗ್ಗೆ ಶಿರಾ ಬಸ್ಸಿನಿಂದ ಇಳಿದು ಬಂದ ಬೈಂಡಿಂಗಿನ ಖಲೀಲುಲ್ಲಾ ಸಾಬರು ಗೇಟು ತೆಗೆಯುತ್ತಲೇ, "ಮರುಳಸಿದ್ದಯ್ಯ ಮೇಷ್ಟ್ರೇ, ಮೊದ್ಲು ಕೂತ್ಕಳಿ. ಬೈಯೋದು ಆಮೇಲೆ" ಅಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಕೂತೆ. ಅವರು ಮಗಳ ಫೋನನ್ನು ನನ್ನ ಮುಖಕ್ಕೆ ಹಿಡಿದರು. ಫೋಟೋದಲ್ಲಿ ಕೆಂಪು ಬಟ್ಟೆಯ ಒಂದು ದಪ್ಪ ಗಂಟು. ಅದಕ್ಕೆ ಇಲಿ ತೂತು ಕೊರೆದಿತ್ತು. ತೂತಿನೊಳಗೆ ಕಂದು ಚರ್ಮ, ಚರ್ಮದ ಮೇಲೆ ಚಿನ್ನದ ರೇಕಿನಲ್ಲಿ ಒತ್ತಿದ ಸಣ್ಣದೊಂದು ಹದ್ದು.

ಆ ಹದ್ದು ನನಗೆ ಗೊತ್ತು. ಅಂಥವೇ ಐದು ಹದ್ದುಗಳು ನನ್ನ ಕಪಾಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಆರನೆಯದಕ್ಕಾಗಿ ಕಾಯುತ್ತಾ ಕೂತಿವೆ.

ಗ್ರೀಸು, ರೋಮುಗಳ ಮೇಲೆ ಬರೆದ ಹಳೆಯ ಪುಸ್ತಕಗಳನ್ನು ಕೂಡಿಹಾಕುವುದು ನನ್ನ ಹುಚ್ಚು. ಪಾವಗಡದ ವಕೀಲರೊಬ್ಬರ ಅಟ್ಟ, ತುಮಕೂರಿನಲ್ಲಿ ಮುಚ್ಚಿಹೋದ ಶಾಲೆಯ ರದ್ದಿ, ಬೆಂಗಳೂರಿನ ಫುಟ್‌ಪಾತು, ಎಲ್ಲೆಲ್ಲಿ ವಾಸನೆ ಬಂತೋ ಅಲ್ಲೆಲ್ಲ ಹೋಗಿ ತಂದಿದ್ದೇನೆ. ಅದರಲ್ಲಿ ನನ್ನ ಪ್ರಾಣ ಅಂದರೆ ಲಂಡನ್ನಿನಲ್ಲಿ ನೂರೆಂಬತ್ತು ವರ್ಷದ ಹಿಂದೆ ಅಚ್ಚಾದ ರೋಮಿನ ಇತಿಹಾಸ. ಆರು ಸಂಪುಟ. ಒಂದೊಂದಾಗಿ ಆರೂ ಸಿಗುವ ಹೊತ್ತಿಗೆ ಹನ್ನೊಂದು ವರ್ಷ ಹಿಡಿಯಿತು. ಸಿಕ್ಕಾಗ ಎಲ್ಲದರ ಬೆನ್ನೂ ಕಿತ್ತುಹೋಗಿತ್ತು. ಅದನ್ನು ಸರಿಮಾಡುವ ಕೈ ಈ ನಾಲ್ಕು ತಾಲ್ಲೂಕಿನಲ್ಲಿ ಒಂದೇ, ಶಿರಾದ ಬೈಂಡಿಂಗ್ ಖಲೀಲ್ ಸಾಬರದು. ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ ಅವರು ಹಾಕಿದ ಬೈಂಡಿಗೆ ಹುಳ ಹತ್ತಿರ ಸುಳಿಯುವುದಿಲ್ಲ.

ಆಗ ಪ್ರತಿ ಭಾನುವಾರ ಅವರ ಅಂಗಡಿಗೆ ಹೋಗುತ್ತಿದ್ದೆ. ಅವರು ಹೊಲಿಯುತ್ತಿದ್ದರು, ನಾನು ಇಂಗ್ಲಿಷು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಮೂರನೆಯ ಸಂಪುಟ ಮುಗಿದಾಗ ರೋಮಿನ ವೈರಿ ಕಾರ್ತೇಜಿನ ದಂಡನಾಯಕ ಹ್ಯಾನಿಬಲ್ ಆನೆಗಳ ಜೊತೆ ಆಲ್ಪ್ಸ್ ಬೆಟ್ಟ ದಾಟಿ, ರೋಮನರನ್ನು ಮೂರು ಯುದ್ಧದಲ್ಲಿ ಸದೆಬಡಿದು, ರೋಮ್ ಪಟ್ಟಣದ ಬಾಗಿಲಿಗೇ ಬಂದು ಡೇರೆ ಹಾಕಿದ್ದ. ಸಾಬರು ಸೂಜಿ ಕೆಳಗಿಟ್ಟು, "ಮುಂದೆ?" ಅಂದರು. "ಮುಂದಿನ ವಾರ" ಅಂದು ನಾಲ್ಕನೆಯ ಸಂಪುಟವನ್ನು ಬೆನ್ನು ಕಟ್ಟಲು ಕೊಟ್ಟು ಬಂದೆ.

ಮುಂದಿನ ವಾರ ಹೋದರೆ ಪುಸ್ತಕವೇ ಇಲ್ಲ.

ಅವತ್ತು ನಾನು ಆಡಿದ ಮಾತನ್ನು ಈಗಲೂ ಮರೆಯಲಾಗಿಲ್ಲ. ಶಿರಾ ಪೇಟೆಯ ನಡುಬೀದಿಯಲ್ಲಿ, ಹತ್ತು ಜನರ ಎದುರಿಗೆ, "ಕಡ್ಲೆಕಾಯಿ ಪೊಟ್ಟಣ ಕಟ್ಟೋಕೆ ಮಾರ್ಕೊಂಡ್ಯೇನೋ?" ಅಂದುಬಿಟ್ಟೆ. ನನಗಿಂತ ಐದು ವರ್ಷ ದೊಡ್ಡವರಿಗೆ! ಅವರು ಅಂಗಡಿಯನ್ನು ತಲೆಕೆಳಗು ಮಾಡಿ ಹುಡುಕಿದರು. ಮೂರು ವಾರ ಕಳೆದು ನಾನೇ ಮತ್ತೆ ಹೋದೆ. ಇಬ್ಬರೂ ಟೀ ಕುಡಿದೆವು. ಆ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಹ್ಯಾನಿಬಲ್‌ನ ಕಥೆ ಬಾಯಲ್ಲೇ ಹೇಳಹೋದರೆ ಸಾಬರು ಎರಡೂ ಕಿವಿ ಮುಚ್ಚಿಕೊಂಡರು.

"ಬೇಡಿ ಮೇಷ್ಟ್ರೇ. ಕಳ್ದಿದ್ದು ನನ್ ಅಂಗ್ಡೀಲಿ. ಕಿತಾಬು ಸಿಕ್ಮೇಲೆ, ಅದ್ರಲ್ಲೇ ಓದಿ ಹೇಳಿ. ಅಲ್ಲೀವರ್ಗೂ ನಂಗೆ ಬೇಡ."

ಇಪ್ಪತ್ತೆರಡು ವರ್ಷ! ಹ್ಯಾನಿಬಲ್ ಬಾಗಿಲಲ್ಲೇ ನಿಂತಿದ್ದ. ನಾನು ಐದು ಆರರ ಪುಟ ತೆರೆಯಲಿಲ್ಲ. ನಾಲ್ಕರ ಜಾಗದಲ್ಲಿ ನಮ್ಮನೆಯವಳು ಮೆಂತ್ಯದ ಹಿಟ್ಟಿನ ಡಬ್ಬ ಇಟ್ಟುಕೊಂಡಳು. ಸಾಬರಿಗೆ ಈಗ ಎಪ್ಪತ್ತಾರು. ಈ ಕಥೆಯ ಕೊನೆ ಕೇಳದೆಯೇ ಎಲ್ಲಿ ಎದ್ದುಹೋಗಿಬಿಡುತ್ತಾರೋ ಎಂಬ ಹೆದರಿಕೆ ನನಗೆ ಆಗಾಗ ಬರುತ್ತಿತ್ತು. ಹೇಳಿಕೊಳ್ಳುವುದು ಯಾರ ಹತ್ತಿರ?

"ಎಲ್ಲಿದೆ ಇದು?" ಅಂತ ಫೋನು ಹಿಡಿದು ಕೂಗಿದೆ.

"ಹೊಳವನಹಳ್ಳೀಲಿ. ಪೂಜೆ ಮಾಡ್ತಾ ಅವ್ರೆ" ಅಂದರು ಸಾಬರು, ನೆಲ ನೋಡುತ್ತಾ.

ಆಗಿದ್ದು ಇಷ್ಟು. ಯಾರ ದೇವರ ಗ್ರಂಥ ಬೈಂಡಿಗೆ ಬಂದರೂ ಸಾಬರು ಕೈಕಾಲು ಮುಖ ತೊಳೆದೇ ಮುಟ್ಟುತ್ತಾರೆ. ಅಂಟು, ಚೂರುಪಾರುಗಳ ನಡುವೆ ಅದು ಬಿಚ್ಚಿಕೊಂಡು ಬಿದ್ದಿರಬಾರದೆಂದು ಬೈಂಡು ಒಣಗಲು ಒತ್ತಿಡುವ ಪ್ರೆಸ್ಸಿನಿಂದ ತೆಗೆದ ಕೂಡಲೇ ಹೊಸ ಕೆಂಪು ಬಟ್ಟೆಯಲ್ಲಿ ಸುತ್ತಿ ಮೂರು ಗಂಟು ಹಾಕುತ್ತಾರೆ. ಆ ವಾರ ಹೊಳವನಹಳ್ಳಿಯ ಶಂಕರಲಿಂಗಪ್ಪನವರ ಮನೆಯ ಪುರಾಣವೂ ನನ್ನ ನಾಲ್ಕನೆಯ ಸಂಪುಟವೂ ಒಂದೇ ಅಳತೆಯೆಂದು ಒಂದರ ಮೇಲೊಂದು ಪ್ರೆಸ್ಸಿನಲ್ಲಿದ್ದವು. ಭಕ್ತಿಯಲ್ಲಿ ಎರಡನ್ನೂ ಒಟ್ಟಿಗೇ ಎತ್ತಿ ಸುತ್ತಿಬಿಟ್ಟಿದ್ದಾರೆ. ಶಂಕರಲಿಂಗಪ್ಪ ಗಂಟನ್ನು ತಲೆಯ ಮೇಲಿಟ್ಟುಕೊಂಡು ಹೋಗಿ ನೇರವಾಗಿ ದೇವರ ಗೂಡಿಗೆ ಏರಿಸಿದರು. ಪುರಾಣದ ಗಂಟು ಬಿಚ್ಚುವುದು ಶ್ರಾವಣದಲ್ಲಿ, ಓದುವುದಕ್ಕೆ. ಆ ವರ್ಷ ಶ್ರಾವಣ ಬರುವ ಮೊದಲೇ ಅವರು ತೀರಿಕೊಂಡರು. ಮತ್ತೆ ಓದುವವರಿಲ್ಲ, ಬಿಚ್ಚುವವರೂ ಇಲ್ಲ. ಅವರ ಹೆಂಡತಿ ಚನ್ನಮಲ್ಲಮ್ಮ ವರ್ಷಕ್ಕೊಂದು ಹೊಸ ಬಟ್ಟೆಯನ್ನು ಹಳೆಯದರ ಮೇಲೇ ಸುತ್ತುತ್ತಾ ಬಂದರು. ಈಗ ಇಲಿ ತೂತು ಮಾಡಿದ ಮೇಲೆ ಮೊಮ್ಮಗನ ಹೆಂಡತಿ ಚೈತ್ರ ಫೋಟೋ ತೆಗೆದು ಬೈಂಡು ಹಾಕಿದವರಿಗೇ ಕಳಿಸಿದ್ದಾಳೆ.

ಅವತ್ತೇ ಕೊರಟಗೆರೆಯಲ್ಲಿ ಬಸ್ಸು ಬದಲಿಸಿ ಹೊಳವನಹಳ್ಳಿಯಲ್ಲಿ ಇಳಿದೆವು. ಚನ್ನಮಲ್ಲಮ್ಮನವರಿಗೆ ಎಂಬತ್ತು ದಾಟಿದೆ. ಹಣೆ ತುಂಬ ವಿಭೂತಿ. ನಮ್ಮ ಮಾತೆಲ್ಲ ಕೇಳಿ, ಮಜ್ಜಿಗೆ ಕೊಟ್ಟು, ಗಂಟು ಮಾತ್ರ ಕೊಡುವುದಿಲ್ಲ ಅಂದರು.

"ಅದು ನನ್ನ ಪುಸ್ತಕ ತಾಯಿ!"

"ನಿಂದೇ ಇರ್ಬೋದು ಕಣಪ್ಪ. ಇಪ್ಪತ್ತೆರಡು ವರ್ಸ ಹೂವು ಏರ್ಸಿರೋಳು ನಾನು. ಒಳಗೇನೈತೆ ಅಂತ ತಿಳೀದಂಗೆ ಹೆಂಗೆ ಕೊಟ್ಬುಡ್ಲಿ? ಪೂಜೆ ಆಗಿರೋದನ್ನ ಓದಿ ಮಂಗಳ ಮಾಡ್ದೆ ಗೂಡಿಂದ ಎತ್ತಂಗಿಲ್ಲ. ನೀನು ಮೇಷ್ಟ್ರು ಅಂತೀಯ. ಶ್ರಾವಣದ ನಾಕು ಸ್ವಾಮಾರ ಬಂದು ಜಗಲಿ ಮ್ಯಾಲೆ ಕುಂತು ಎರಡೂ ಓದು. ಆಮ್ಯಾಕೆ ತಗಂಡೋಗು."

ನನ್ನ ಪುಸ್ತಕವನ್ನು ನಾನೇ ಬೇಡಿಕೊಂಡು ಓದಬೇಕೆ? ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಸಾಬರು ನನ್ನ ತೋಳು ಹಿಡಿದರು. "ಒಪ್ಕಳಿ ಮೇಷ್ಟ್ರೇ. ನಾನೂ ಕೇಳಂಗಾಯ್ತದೆ."

ಅವರ ಮುಖ ನೋಡಿದೆ. ಒಪ್ಪಿಕೊಂಡೆ.

ಮೊದಲ ಸೋಮವಾರ ಮಧ್ಯಾಹ್ನ ಚೈತ್ರ ಬಟ್ಟೆ ಬಿಚ್ಚುತ್ತಾ ಹೋದಳು. ಊರಿನವರು ಎಣಿಸಿದರು. ಇಪ್ಪತ್ತೆರಡು ಬಟ್ಟೆ, ಅದರೊಳಗೆ ಸಾಬರ ಮೂರು ಗಂಟು. ಆ ಗಂಟುಗಳನ್ನು ಸಾಬರೇ ಬಿಚ್ಚಿದರು. ಮೇಲೆ ನನ್ನ ನಾಲ್ಕನೆಯ ಸಂಪುಟ, ಕೆಳಗೆ ಪುರಾಣ. ಎರಡರ ನಡುವೆ ಪುರಾಣದ ಪುಟದಿಂದ ಜಾರಿದ ಒಂದು ಒಣಗಿದ ಬಿಲ್ವಪತ್ರೆ. ಇಲಿ ಹದ್ದಿನ ರೆಕ್ಕೆಯನ್ನೂ ಮುಟ್ಟಿರಲಿಲ್ಲ. ಮೈಲುತುತ್ತದ ಮಹಿಮೆ!

ಪುರಾಣದ ಒಂದು ಸಂಧಿ ಮೊದಲು. ಆಮೇಲೆ ಅದೇ ವ್ಯಾಸಪೀಠದ ಮೇಲೆ ರೋಮು. ಹಿಂದಿನ ಮೂರು ಸಂಪುಟದ ಕಥೆಯನ್ನು ಚುಟುಕಾಗಿ ಹೇಳಿ, ಹ್ಯಾನಿಬಲ್‌ನನ್ನು ಬಾಗಿಲಿಗೆ ತಂದು ನಿಲ್ಲಿಸಿ, ಪುಟ ತೆರೆದು ಕನ್ನಡದಲ್ಲಿ ಹೇಳುತ್ತಾ ಓದಿದೆ. ಹ್ಯಾನಿಬಲ್ ಡೇರೆ ಹಾಕಿದ್ದ ಜಮೀನು ಅದೇ ಹೊತ್ತಿನಲ್ಲಿ ಪಟ್ಟಣದೊಳಗೆ ಮಾರಾಟಕ್ಕೆ ಬಂತಂತೆ. ಶತ್ರು ಕೂತಿದ್ದಾನೆಂದು ಬೆಲೆ ಒಂದು ಬಿಡಿಗಾಸೂ ಇಳಿಯದೆ ರೋಮನನೊಬ್ಬ ಅದನ್ನು ಕೊಂಡನಂತೆ.

"ತಡೀರಿ, ತಡೀರಿ" ಅಂತ ಎದ್ದವರು ಪರ್ವತಯ್ಯ. ಕೊರಟಗೆರೆಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತು ಪತ್ರ ಬರೆಯುವವರು. "ಸ್ವಾಧೀನದಲ್ಲಿ ಶತ್ರು ಅವ್ನೆ. ಕ್ರಯ ಹೆಂಗೆ ಊರ್ಜಿತ ಆಯ್ತದೆ? ಚಕ್ಕುಬಂದಿ ಏನಂತ ಬರುದ್ರು? ಪೂರ್ವಕ್ಕೆ ಆನೆ ಲಾಯ ಅಂತ್ಲಾ?"

ಜಗಲಿಯೇ ಎರಡು ಪಕ್ಷವಾಯಿತು. ಅರ್ಧ ಗಂಟೆ ಜಗಳ. ಕೊನೆಗೆ ಚನ್ನಮಲ್ಲಮ್ಮ, "ಕೊಂಡೋನು ಗಂಡ್ಸು ಕಣ್ರಲಾ. ಸುಮ್ಕಿರ್ರಿ, ಮುಂದ್ಕೋಗ್ಲಿ" ಅಂದ ಮೇಲೆ ತಣ್ಣಗಾಯಿತು. ಮುಂದೆ ಓದಿದೆ. ಹ್ಯಾನಿಬಲ್ ಊರಿನೊಳಕ್ಕೆ ನುಗ್ಗಲಿಲ್ಲ. ಡೇರೆ ಕಿತ್ತು ಹಿಂದಕ್ಕೆ ಹೋದ.

ಸಾಬರು ಕಂಬಕ್ಕೆ ಒರಗಿದ್ದವರು ನೆಟ್ಟಗಾದರು. "ವಾಪಸ್ ಹೋದ್ನಾ?"

"ಹೋದ."

"ಯಾ ಅಲ್ಲಾ! ಇದ್ಕಾ ನಾನು ಇಪ್ಪತ್ತೆರಡು ವರ್ಷ ಕಿವಿ ಮುಚ್ಕೊಂಡಿದ್ದು!" ಅಂದವರು ನಕ್ಕರು, ನಕ್ಕರು, ಟೋಪಿ ಬೀಳುವಷ್ಟು ನಕ್ಕರು. ಜಗಲಿಯೆಲ್ಲ ಅವರ ಜೊತೆ ನಕ್ಕಿತು.

ಎರಡನೆಯ ಸೋಮವಾರ ಜನ ಜಗಲಿಯಿಂದ ಅಂಗಳಕ್ಕಿಳಿದರು. ಮೂರನೆಯದಕ್ಕೆ ಚಾಪೆ ಸಾಲದಾಯಿತು. ಹದಿನೈದು ವರ್ಷಕ್ಕೂ ಮೇಲೆ ಪರದೇಶದಲ್ಲೇ ಇದ್ದ ಹ್ಯಾನಿಬಲ್‌ಗೆ ಊರಿಂದ ಕರೆ ಬಂತು ಅಂದಾಗ ಚನ್ನಮಲ್ಲಮ್ಮ, "ಅಷ್ಟು ವರ್ಸ ಮುದ್ದೆಗೇನ್ ಮಾಡ್ಕಂಡ? ಬಟ್ಟೆ ಒಗ್ದು ಕೊಡೋರ್ಯಾರು?" ಅಂತ ಕೇಳಿದರು. ನೂರೆಂಟು ಪುಸ್ತಕ ಓದಿದ ನಾನು ಹಿಂದಿನ ಪುಟಗಳನ್ನು ತಿರುವಿ ಹುಡುಕತೊಡಗಿದೆ. ಮನೆಯಲ್ಲೂ ಪ್ರಶ್ನೆಗಳೇ. ಪುಸ್ತಕ ಕಂಡರೆ ಮೂಗು ಮುರಿಯುತ್ತಿದ್ದ ನಮ್ಮನೆಯವಳು ಸೋಮವಾರ ಸಂಜೆ ಕಾಲು ತೊಳೆಯಲು ಬಿಡದೆ, "ಇವತ್ತು ಎಲ್ಲೀವರ್ಗೆ ಬಂತು?" ಅನ್ನತೊಡಗಿದಳು.

ಕೊನೆಯ ಸೋಮವಾರ ಜಾಮಾ ಎಂಬಲ್ಲಿ ಹ್ಯಾನಿಬಲ್ ಸೋತ. "ಪಾಪ ಕಣಮ್ಮ" ಅಂದರು ಯಾರೋ. ಸಾಬರು ಕಣ್ಣೊರೆಸಿಕೊಂಡರು. ಮಂಗಳಾರತಿ ಆಯಿತು. ಚನ್ನಮಲ್ಲಮ್ಮ ಮಾತಿಗೆ ತಪ್ಪದೆ ಪುಸ್ತಕದ ಮೇಲೆ ಎಲೆ ಅಡಿಕೆ ಇಟ್ಟು ನನ್ನ ಕೈಗೆ ಕೊಟ್ಟರು. ಪುರಾಣ ಓದಿದವನಿಗೆ ಹೊದಿಸುವ ಶಾಲನ್ನು ಹೊದಿಸಿದರು.

ಎದ್ದು ನಿಂತೆ.

"ಇಪ್ಪತ್ತೆರಡು ವರ್ಷದ ಹಿಂದೆ ಈ ಪುಸ್ತಕ ಕಾಣದಿದ್ದಾಗ, ಶಿರಾ ಪೇಟೆಯಲ್ಲಿ ಹತ್ತು ಜನರ ಎದುರಿಗೆ ನಾನು ಇವರನ್ನು ಕಳ್ಳ ಅಂದೆ. ಇವರು ಪುಸ್ತಕ ಕದಿಯಲಿಲ್ಲ. ದೇವರ ಗಂಟಿನಲ್ಲಿಟ್ಟು ಕಾಪಾಡಿದರು. ಅವತ್ತು ಹತ್ತು ಜನ ಕೇಳಿದರು, ಇವತ್ತು ನೂರು ಜನ ಕೇಳಲಿ. ತಪ್ಪಾಯ್ತು ಖಲೀಲ್ ಸಾಬ್ರೇ." ಶಾಲು ತೆಗೆದು ಅವರಿಗೆ ಹೊದಿಸಿದೆ.

ಸಾಬರು ಶಾಲಿನ ಅಂಚನ್ನು ಬೈಂಡಿನ ಹೊಲಿಗೆ ನೋಡುವ ಹಾಗೆ ಬೆರಳಲ್ಲಿ ಸವರಿದರು. ಆಮೇಲೆ ತಲೆ ಎತ್ತಿ, "ಅದಿರ್ಲಿ ಮೇಷ್ಟ್ರೇ. ಸೋತ್ಮೇಲೆ ಏನ್ ಮಾಡ್ದ ಅವ್ನು? ಐದನೇದ್ರಲ್ಲಿ ಐತಾ?" ಅಂದರು.

"ಇರಬೇಕು. ಆ ಸಂಪುಟ ನಾನೂ ತೆರೆದಿಲ್ಲ. ಮುಂದಿನ ಶ್ರಾವಣಕ್ಕೆ ತರುತ್ತೇನೆ" ಅನ್ನುತ್ತಾ ನಾಲ್ಕನೆಯ ಸಂಪುಟ ಇಡಲು ಚೀಲ ತೆರೆದೆ.

ಬೆಳಿಗ್ಗೆ ಚೀಲ ಕೈಗೆ ಕೊಟ್ಟವಳು ನಮ್ಮನೆಯವಳು. ದಾರಿಯುದ್ದಕ್ಕೂ ಭಾರ ಅನ್ನಿಸಿತ್ತು, ರೊಟ್ಟಿ ಬುತ್ತಿ ಇರಬೇಕೆಂದುಕೊಂಡಿದ್ದೆ. ಬುತ್ತಿಯೂ ಇತ್ತು. ಅದರ ಕೆಳಗೆ, ಹೊಸ ಕೆಂಪು ಬಟ್ಟೆಯಲ್ಲಿ ಸುತ್ತಿ ಒಂದೇ ಗಂಟು ಹಾಕಿದ ಐದನೆಯ ಸಂಪುಟ. ಮೆಂತ್ಯದ ಹಿಟ್ಟಿನ ಡಬ್ಬ ನಾಲ್ಕರ ಜಾಗ ಬಿಟ್ಟು ಈಗ ಐದರ ಜಾಗದಲ್ಲಿ ಕೂತಿದೆ ಅಂತ ಯಾರೂ ಹೇಳಬೇಕಾಗಿರಲಿಲ್ಲ.

ಚನ್ನಮಲ್ಲಮ್ಮ ಚೀಲದೊಳಕ್ಕೆ ಇಣುಕಿದರು. ವ್ಯಾಸಪೀಠವನ್ನು ಮತ್ತೆ ನನ್ನ ಮುಂದಕ್ಕೆ ತಳ್ಳಿದರು.

"ಬಸ್ಸಿಗಿನ್ನೂ ಒಂದು ಗಂಟೆ ಐತೆ. ಅದೇನ್ ಹಂಗೆ ನೋಡ್ತೀಯಪ್ಪ, ಓದು."