ಹಡಗಿನ ಬಿಲ್ಲೆ

ಆ ಸಣ್ಣ ಹಡಗಿನ ಮೆಟ್ಟಿಲ ಪಕ್ಕ ಒಂದು ಹಲಗೆಯಿತ್ತು. ಪ್ರಯಾಣಿಕರಿಗೆಲ್ಲ ಅದರಲ್ಲಿ ಒಂದೊಂದು ನಂಬರಿನ ಬಿಲ್ಲೆ. ದ್ವೀಪಕ್ಕೆ ಇಳಿಯುವಾಗ ಬಿಲ್ಲೆಯ ಕೆಂಪು ಬದಿ ಕಾಣುವಂತೆ ತಿರುಗಿಸಬೇಕು, ವಾಪಸು ಬಂದ ಮೇಲೆ ಹಸಿರು ಬದಿ. ಎಲ್ಲ ಹಸಿರಾದರೆ ಹಡಗು ಹೊರಡುತ್ತದೆ. ಅವರವರ ಬಿಲ್ಲೆ ಅವರವರೇ ತಿರುಗಿಸಬೇಕೆಂದು ಗೈಡ್ ಹುಡುಗಿ ದಿನಾ ಹೇಳುತ್ತಿದ್ದಳು. ಹೇಳಿಕೊಳ್ಳಲಿ. ನನ್ನ ಕನ್ನಡಕ ಹುಡುಕುವುದು, ಮಾತ್ರೆ ಎತ್ತಿಡುವುದು, ಫೋನಿಗೆ ಚಾರ್ಜ್ ಹಾಕುವುದು ಎಲ್ಲ ನನ್ನ ಹೆಂಡತಿಯ ಕೆಲಸ. ಬಿಲ್ಲೆಯನ್ನೂ ಅವಳೇ ತಿರುಗಿಸುತ್ತಿದ್ದಳು.

ಆವತ್ತಿನ ದ್ವೀಪದಲ್ಲಿ ಮನುಷ್ಯರಿಲ್ಲ, ಮರವಿಲ್ಲ, ಬರೀ ಹಕ್ಕಿ. ಗೂಡಿನ ಹತ್ತಿರ ಹೋಗಬಾರದಂತೆ. ದಾರಿಯ ಮೇಲೇ ಗೂಡು ಕಟ್ಟಿದ್ದರೆ ನಾನೇನು ಮಾಡಲಿ? ಒಂದು ದಪ್ಪ ಹಕ್ಕಿ ನನ್ನ ಹಳೇ ಟೋಪಿ ಕಿತ್ತುಕೊಂಡು ಹೋಗಿ ಗೂಡಿಗೆ ಹಾಸಿಕೊಂಡಿತು. ಎಲ್ಲರೂ ನಕ್ಕರು. ನನ್ನವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏನೇ ಅಷ್ಟೊಂದು ನಗು?"

"ಅಲ್ಲ ರೀ, ಎಷ್ಟು ಹೇಳಿದ್ರೂ ಬಿಸಾಕಲಿಲ್ಲ ನೀವು. ಕೊನೆಗೂ ಅದಕ್ಕೊಂದು ಮನೆ ಸಿಕ್ತು ಬಿಡಿ."

ಮೈಯೆಲ್ಲ ಉರಿಯಿತು. ದೊಡ್ಡ ಬಂಡೆಯೊಂದರ ಹಿಂದೆ ಹೋಗಿ ಕುಳಿತೆ. ಬಂದು ಕರೆಯಲಿ, ಆಗ ನೋಡೋಣ ಎಂದುಕೊಂಡೆ. ಯಾರೂ ಕರೆಯಲಿಲ್ಲ. ಎದ್ದು ನೋಡಿದರೆ ಹಡಗಿನಿಂದ ನಮ್ಮನ್ನು ಕರೆತಂದ ರಬ್ಬರ್ ದೋಣಿ ದಡದಲ್ಲಿ ಇಲ್ಲ. ಹಡಗು ಲಂಗರು ಎತ್ತಿ ಮೆಲ್ಲಗೆ ಹೊರಟಿದೆ.

ಕೂಗಿದೆ. ನಮ್ಮ ಬೀದಿಯ ಕೊನೆಯವರೆಗೂ ಕೇಳಿಸುವ ಗಂಟಲು ನನ್ನದು. ಇಲ್ಲಿ ಟೋಪಿಯ ಮೇಲೆ ಕುಳಿತ ಹಕ್ಕಿ ಕೂಡ ತಿರುಗಿ ನೋಡಲಿಲ್ಲ. ಫೋನು ಅವಳ ಚೀಲದಲ್ಲಿ. ಕುಡಿಯಲು ನೀರಿಲ್ಲ. ಸಿಟ್ಟೆಲ್ಲ ಇಳಿದುಹೋಯಿತು. ಅಂಗಿ ಬಿಚ್ಚಿ ಬೀಸುತ್ತ ನಿಂತೆ.

ಹಡಗು ಚುಕ್ಕೆಯಷ್ಟಾಗಿ ನಿಂತಿತು. ಮತ್ತೆ ದೊಡ್ಡದಾಯಿತು. ದೋಣಿ ಬಂತು. ಮುಂದೆ ನನ್ನವಳು, ಕೈಯಲ್ಲಿ ಮುಚ್ಚಿದ ಊಟದ ತಟ್ಟೆ.

"ಸಿಟ್ಟು ಮಾಡ್ಕೊಂಡು ಮೊದಲ್ನೇ ದೋಣಿಲೇ ಹೋಗಿದೀರ ಅನ್ಕೊಂಡೆ ರೀ. ಹಲಗೆ ನೋಡ್ತಿದ್ದ ಹಾಗೆ ಕೈ ತಾನಾಗೇ ಎರಡನ್ನೂ ತಿರುಗಿಸಿಬಿಡ್ತು. ಊಟ ತಗೊಂಡು ರೂಮಿಗೆ ಹೋದ್ರೆ ನೀವಿಲ್ಲ." ತಟ್ಟೆಯನ್ನು ನನ್ನ ಕೈಗಿಟ್ಟು ಕಣ್ಣೊರೆಸಿಕೊಂಡಳು.

ಸಮಾಧಾನದ ಮಾತಾಡಬೇಕೆಂದೇ ಬಾಯಿ ತೆರೆದೆ. "ಇನ್ಮೇಲೆ ನನ್ನ ಬಿಲ್ಲೆ ಮುಟ್ಟಿದ್ರೆ ನೋಡು," ಎಂದುಬಿಟ್ಟೆ.

"ಆಯ್ತು. ಮುಟ್ಟಲ್ಲ."

ಹಡಗಿನಲ್ಲಿ ಎಲ್ಲರೂ ಹಲಗೆಯ ಮುಂದೆ ಕಾಯುತ್ತಿದ್ದರು. ಗೈಡ್ ಹುಡುಗಿ ಎಲ್ಲ ಬಿಲ್ಲೆಗಳನ್ನೂ ಕೆಂಪು ಮಾಡಿ, ಮೊದಲಿಂದ ಎಣಿಕೆ ಶುರು ಮಾಡಿದ್ದಳು. "ಮೊದಲು ನೀವೇ ಬನ್ನಿ ಸರ್," ಎಂದಳು.

ಎದೆ ಸೆಟೆಸಿಕೊಂಡು ಹೋದೆ. ಕೈ ಎತ್ತಿದೆ. ಕೈ ಅಲ್ಲೇ ನಿಂತಿತು. ಹೆಂಡತಿ ಸಮುದ್ರ ನೋಡುತ್ತ ನಿಂತಿದ್ದಳು.

"ಏನೇ," ಎಂದು ಮೆಲ್ಲಗೆ ಕೇಳಿದೆ, "ನನ್ನ ನಂಬರು ಎಷ್ಟು?"

"ಆ ಹಕ್ಕಿನ ಕೇಳಿ."

"ಹೇಳೇ. ಜನ ನೋಡ್ತಿದಾರೆ."

"ಒಂಬತ್ತು. ನನ್ನ ಎಂಟರ ಪಕ್ಕದ್ದು."

ತಿರುಗಿಸಿದೆ. ಕೈ ಹೇಗೂ ಅಲ್ಲೇ ಇತ್ತಲ್ಲ, ಅವಳದನ್ನೂ ತಿರುಗಿಸಿಬಿಟ್ಟೆ. ಗೈಡ್ ಹುಡುಗಿ ಹಣೆ ಚಚ್ಚಿಕೊಂಡಳು.